ಭಾನುವಾರದ ಧೂಳು

ಜೂನ್ 3, ಮಂಗಳವಾರ

ಇವತ್ತು ಊಟದ ಮಧ್ಯೆ ತಮ್ಮನ ಮಗಳು ಪಾಪಚ್ಚಿ ಹೇಳಿದಳು: "ಅತ್ತೆ, ನಿನ್ನ ಕಂಪ್ಯೂಟರ್ ಆನ್ ಮಾಡಿ ಸ್ನಾನಕ್ಕೆ ಹೋಗಿ ಬರಬಹುದು. ಬಂದ್ಮೇಲೂ ಅದು ಗಿರಗಿರ ತಿರುಗ್ತಾನೇ ಇರುತ್ತೆ."

ತಮ್ಮ ನಕ್ಕ. ಅವನ ಹೊಸ ಹೆಂಡತಿ, ಆ ಈಜಿನವಳು, ನಗಲಿಲ್ಲ. ಅದು ಇನ್ನೂ ಕೆಟ್ಟದಾಯಿತು. ಬಾಯಲ್ಲಿದ್ದ ತುತ್ತು ನುಂಗಿ, ಬಹಳ ವಿನಯದಿಂದ, "ಅಕ್ಕ, ಭಾನುವಾರ ಬೇಕಾದ್ರೆ ಒಂದ್ಸಲ ಬಿಚ್ಚಿ ಧೂಳು ತೆಗೀಲಾ? ನಮ್ಮ ಮನೇಲೂ ಇಂಥದ್ದೇ ಒಂದು ಹಳೇದಿತ್ತು. ನಾನೇ ನೋಡ್ಕೊಳ್ತಿದ್ದೆ" ಎಂದಳು.

"ಅದಕ್ಕೇನೂ ಆಗಿಲ್ಲ" ಎಂದೆ.

"ಆಗಿದೆ" ಎಂದಳು ಪಾಪಚ್ಚಿ.

ಹನ್ನೊಂದು ವರ್ಷದ ಹುಡುಗಿ ಈಗ ನನಗೆ ಎದುರು ಮಾತಾಡುತ್ತಾಳೆ. ಅವಳ ಅಮ್ಮ ತೀರಿಹೋದಾಗ ಇನ್ನೂ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಆಗ ನಾನು ಎರಡು ಸೂಟ್‌ಕೇಸು ಮತ್ತು ಈ ಕಂಪ್ಯೂಟರ್ ಎತ್ತಿಕೊಂಡು ತಮ್ಮನ ಮನೆಗೆ ಬಂದವಳು. ಪ್ರೆಸ್ಸಿಗೆ ಪುಟ ವಿನ್ಯಾಸ ಮಾಡಿಕೊಡುವ ಕೆಲಸ ನನ್ನದು. ಒಂದು ಮೇಜು ಸಿಕ್ಕರೆ ಎಲ್ಲಿ ಬೇಕಾದರೂ ಮಾಡಬಹುದು. ನನ್ನ ತೊಡೆಯ ಮೇಲೆ ಕೂತು, ಇದೇ ಕೀಬೋರ್ಡು ಕುಟ್ಟಿ ಅವಳು ಅಕ್ಷರ ಕಲಿತಳು.

ಈಗ ತಮ್ಮ ಮತ್ತೆ ಮದುವೆಯಾಗಿದ್ದಾನೆ. ಆಗಬಾರದು ಎಂದು ನಾನು ಹೇಳಲಿಲ್ಲ. ಬಂದವಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಅಗಲ ಭುಜ, ದೊಡ್ಡ ಗಂಟಲು, ಯಾವ ಹೊತ್ತಿಗೆ ನೋಡಿದರೂ ಒದ್ದೆ ಕೂದಲು. ಮನೆಯ ಟವೆಲ್ಲುಗಳಿಗೆಲ್ಲ ಈಗ ಕೊಳದ ನೀರಿಗೆ ಹಾಕುವ ಔಷಧಿಯ ವಾಸನೆ.

ಯಾರೂ ನನ್ನನ್ನು ಹೋಗು ಎಂದಿಲ್ಲ. ಇರು ಎಂದೂ ಹೇಳಿಲ್ಲ.

ಜೂನ್ 8, ಭಾನುವಾರ

ಕೊನೆಗೂ ಬಿಚ್ಚಿದರು. ಪಾಪಚ್ಚಿ ಬೆಳಿಗ್ಗೆಯೇ ವಯರುಗಳಿಗೆಲ್ಲ ಬಣ್ಣಬಣ್ಣದ ದಾರ ಕಟ್ಟಿ, ಯಾವುದು ಎಲ್ಲಿಗೆ ಎಂದು ಗುರುತು ಮಾಡಿಕೊಂಡು ಕೂತಿದ್ದಳು. ಕುರ್ಚಿ ಸರಿಸಿ ಜಾಗ ಬಿಟ್ಟೆ.

ಬಾಲ್ಕನಿಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿ, ಕಂಪ್ಯೂಟರಿನ ಕ್ಯಾಬಿನೆಟ್ ಮಲಗಿಸಿ, ಪಕ್ಕದ ತಗಡು ತೆಗೆದರು. ನಾನು ಅಡುಗೆಮನೆಯಲ್ಲಿದ್ದೆ. ಬಾಗಿಲು ತೆರೆದೇ ಇತ್ತು.

"ಅಯ್ಯಯ್ಯೋ, ಒಳಗೆ ಬೆಕ್ಕು ಮಲಗಿದೆ!"

"ಬೆಕ್ಕಲ್ಲ ಕಣೇ, ಧೂಳು. ಆ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡ್ಕೋ. ಹಿಡ್ಕೊಂಡ್ಯಾ? ಈಗ ಬ್ರಶ್ಶಲ್ಲಿ ಮೆತ್ತಗೆ ಗುಡಿಸು. ಒತ್ತಬೇಡ."

"ಬಿಸಿಯಾದ್ರೆ ಇದು ಯಾಕೆ ನಿಧಾನ ಆಗುತ್ತೆ?"

"ಮೂಗು ಕಟ್ಟಿದಾಗ ನೀನು ಜೋರಾಗಿ ಓಡ್ತೀಯಾ? ಇದಕ್ಕೂ ಹಾಗೇ. ಉಸಿರು ಕಟ್ಟಿದ್ರೆ ಮೆಲ್ಲಗೆ ಹೋಗುತ್ತೆ."

ಆಮೇಲೆ ಇಬ್ಬರಿಗೂ ಸೀನು ಹತ್ತಿತು. ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಶುರು. ಸೀನಿಗೂ ಹಾಗೆ ಹೊಟ್ಟೆ ಹಿಡಿದುಕೊಂಡು ನಗುವವರನ್ನು ನಾನು ನೋಡಿಲ್ಲ.

ಬಟ್ಟೆ ಹಿಂಡಿ ಹಾಕುವ ನೆಪದಲ್ಲಿ ಒಮ್ಮೆ ಹೊರಗೆ ಹೋದೆ. ಬೆಡ್‌ಶೀಟಿನ ಮೇಲೆ ಮುಷ್ಟಿ ಗಾತ್ರದ ಧೂಳಿನ ಉಂಡೆ. ಅದರಲ್ಲಿ ಉದ್ದುದ್ದ ಕೂದಲು ಸುತ್ತಿಕೊಂಡಿತ್ತು, ನನ್ನದೇ. ತೆಳ್ಳಗಿನ, ಕಂದು ಬಣ್ಣದ ಕೆಲವು ಎಳೆಗಳೂ ಇದ್ದವು. ಪಾಪಚ್ಚಿ ಚಿಕ್ಕವಳಿದ್ದಾಗ ಕೂದಲು ಆ ಬಣ್ಣಕ್ಕಿತ್ತು. ಎಲ್ಲ ಸೇರಿಸಿ ಗುಡಿಸಿ ಕಸದ ಬುಟ್ಟಿಗೆ ಹಾಕಿದರು.

ಮೊದಲು ಆನ್ ಮಾಡಿದರೆ ಹಿಟ್ಟಿನ ಗಿರಣಿಯ ಹಾಗೆ ಗರಗರ ಎನ್ನುತ್ತಿತ್ತು. ಈಗ ಸದ್ದೇ ಇಲ್ಲ.

"ಹೇಗಿದೆ ಅಕ್ಕ?"

"ನಂಗೇನೂ ವ್ಯತ್ಯಾಸ ಕಾಣಲ್ಲ."

ಸುಳ್ಳು. ಸಂಜೆಯೊಳಗೆ ಎರಡು ದಿನದ ಪುಟಗಳು ಮುಗಿದವು.

ಜೂನ್ 15, ಭಾನುವಾರ

ಇವತ್ತು ಧೂಳಿಲ್ಲ, ಒಳಗಿನ ಕಸವಂತೆ. ಇಬ್ಬರೂ ನನ್ನ ಕುರ್ಚಿಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ನನಗೆ ಪಕ್ಕದಲ್ಲಿ ಸ್ಟೂಲು. ನನ್ನದೇ ಕಂಪ್ಯೂಟರಿಗೆ ನಾನು ನೆಂಟಳು.

"ನೋಡು ಅತ್ತೆ, ನೀನು ಆನ್ ಮಾಡಿದ ಕೂಡ್ಲೇ ಇಷ್ಟೆಲ್ಲ ಪ್ರೋಗ್ರಾಮ್ ಎದ್ದು ಕೂರ್ತವೆ. ಯಾರೂ ಕರೆದಿರಲ್ಲ. ಸುಮ್ನೆ ಕೂತು ಜಾಗ ತಿಂತವೆ."

"ಬೇಕಾದ್ರೆ ಕರೆಯೋಣ, ಆಗ ಬರಲಿ" ಎಂದಳು ಈಜಿನವಳು. "ಎದ್ದ ಕೂಡ್ಲೇ ಬೇಕಾಗಿರೋದು ಎರಡೋ ಮೂರೋ ಅಷ್ಟೆ."

ಒಂದೊಂದಾಗಿ ಗುರುತು ತೆಗೆಯುತ್ತಾ ಹೋದರು. ಯಾವುದೋ ಕಾಲದ ಪ್ರಿಂಟರಿನದು, ಈಗ ಆ ಪ್ರಿಂಟರೇ ಇಲ್ಲ. ಪಾಪಚ್ಚಿ ಒಂದನೇ ತರಗತಿಯಲ್ಲಿದ್ದಾಗ ಹಾಕಿದ ಬಣ್ಣ ತುಂಬುವ ಆಟ. "ಇದು ಬೇಕಾ?" ಎಂದು ಕೇಳಿದ್ದು ನನ್ನನ್ನೇ. ಉತ್ತರ ಹೇಳುವಷ್ಟರಲ್ಲಿ ಪಾಪಚ್ಚಿ, "ಅಯ್ಯೋ ಬೇಡ, ಅದು ಮಕ್ಕಳ ಆಟ" ಎಂದು ತೆಗೆದೇಬಿಟ್ಟಳು.

ಕರೆಯದೆ ಎದ್ದು ಕೂತು ಜಾಗ ತಿನ್ನುವವರು. ಆ ಮಾತು ಯಾರನ್ನು ಕುರಿತು ಆಡಿದ್ದೂ ಅಲ್ಲ, ಗೊತ್ತು. ಆದರೂ ರಾತ್ರಿ ನನ್ನ ತಟ್ಟೆಯನ್ನು ಅಡುಗೆಮನೆಗೇ ಒಯ್ದು ಉಂಡೆ.

ಜೂನ್ 16, ಸೋಮವಾರ

ಸಂತೋಷದ ಸುದ್ದಿ! ಬೆಳಿಗ್ಗೆ ಕೀಲಿ ಒತ್ತಿದರೆ ಒಂದು ಅಕ್ಷರವೂ ಸರಿಯಾಗಿ ಮೂಡುತ್ತಿಲ್ಲ, ಬರೀ ಚೌಕ ಚೌಕ. ನಿನ್ನೆ ಕಸ ತೆಗೆಯುವ ಭರದಲ್ಲಿ ನನ್ನ ಕನ್ನಡ ಅಕ್ಷರಗಳ ಪ್ರೋಗ್ರಾಮನ್ನೂ ಈಜಿನವಳು ನಿಲ್ಲಿಸಿಬಿಟ್ಟಿದ್ದಾಳೆ. ಅವಳು ಕೊಳದಿಂದ ಬರುವವರೆಗೆ ಬಾಯಲ್ಲಿ ಮಾತುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು ಕಾದೆ.

ಬಂದವಳು ಟವೆಲ್ ಕೂಡ ಇಳಿಸದೆ ನೋಡಿ, "ಅಯ್ಯೋ, ನನ್ನ ತಪ್ಪು ಅಕ್ಕ. ನಿಮ್ಮನ್ನ ಕೇಳಿ ತೆಗೀಬೇಕಿತ್ತು" ಎಂದಳು. ಎರಡು ಸಲ ಒತ್ತಿ ಸರಿಮಾಡಿದಳು. ಜಗಳಕ್ಕೆ ಎಡೆಯೇ ಕೊಡದವರ ಜೊತೆ ಮನುಷ್ಯರು ಬದುಕುವುದು ಹೇಗೆ?

ಜೂನ್ 18, ಬುಧವಾರ

ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ.

ಸಂಜೆ ಪಾಪಚ್ಚಿ ಬಾತ್‌ರೂಮಿನಿಂದ ಕೂಗಿದಳು: "ಅಮ್ಮಾ, ಟವೆಲ್!"

ಇಷ್ಟು ದಿನ "ಚಿಕ್ಕಮ್ಮ" ಎನ್ನುತ್ತಿದ್ದಳು. ಇವತ್ತು ಬಾಯಿಂದ ತಾನಾಗಿ ಉದುರಿತು. ತಮ್ಮ ಗಮನಿಸಲಿಲ್ಲ, ಅವನು ಲಿಫ್ಟ್ ರಿಪೇರಿ ಮಾಡಿ ಬಂದು ಕಾಲು ಚಾಚಿ ಕೂತಿದ್ದ. ಈಜಿನವಳು ಗಮನಿಸಿದಳು. ಟವೆಲ್ ಕೊಟ್ಟು ಬಂದು, ಅಡುಗೆಮನೆಯ ನಲ್ಲಿ ತಿರುಗಿಸಿ, ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ನನ್ನನ್ನು ಆ ಮಗು ಒಂದು ದಿನವೂ ಅಮ್ಮ ಎನ್ನಲಿಲ್ಲ. ಹಾಗೆ ಕಲಿಸಿದವಳು ನಾನೇ. "ನಾನು ನಿನ್ನ ಅಪ್ಪನ ಅಕ್ಕ, ನಿನಗೆ ಸೋದರತ್ತೆ. ಅಮ್ಮ ಆ ಫೋಟೋದಲ್ಲಿದ್ದಾಳೆ" ಎಂದು ದಿನಾ ಹೇಳಿಕೊಟ್ಟೆ. ಸತ್ತವಳ ಜಾಗ ಕಸಿದುಕೊಳ್ಳಬಾರದು ಎಂಬ ಮರ್ಯಾದೆ ನನಗಿತ್ತು. ಜಾಗ ಖಾಲಿ ಬಿಟ್ಟು ಕಾವಲು ಕಾದೆ. ಈಗ ಇವಳು ಬಂದು ಆರಾಮಾಗಿ ಕೂತಳು.

ಜೂನ್ 19, ಗುರುವಾರ

"ಪಾಪಚ್ಚಿ ಅನ್ಬೇಡ ಅತ್ತೆ, ಫ್ರೆಂಡ್ಸ್ ಮುಂದೆ" ಎಂದಳು. ಸರಿ.

ಜೂನ್ 22, ಭಾನುವಾರ

ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದೆ.

ಇಬ್ಬರೂ ಬ್ರಶ್ಶು, ಬಟ್ಟೆ ಹಿಡಿದುಕೊಂಡು ಹಬ್ಬಕ್ಕೆ ಹೊರಟವರ ಹಾಗೆ ಬಂದು ನಿಂತಿದ್ದರು. "ಪ್ರೆಸ್ಸಿನ ದೊಡ್ಡ ಕೆಲಸ ಬಂದಿದೆ. ಯಾರೂ ಮುಟ್ಟೋ ಹಾಗಿಲ್ಲ" ಎಂದೆ. ದೊಡ್ಡ ಕೆಲಸ ಬಂದಿರುವುದು ನಿಜ. ನಲ್ಲಿ, ಷವರು ತಯಾರಿಸುವ ಕಂಪನಿಯೊಂದರ ಕ್ಯಾಟಲಾಗು. ಎಲ್ಲಿ ನೋಡಿದರೂ ನಲ್ಲಿಗಳ ಫೋಟೋ. ಆದರೆ ಪಾಸ್‌ವರ್ಡ್ ಹಾಕಿದ್ದು ಅದಕ್ಕಲ್ಲ.

ಪಾಪಚ್ಚಿ ಮುಖ ಊದಿಸಿಕೊಂಡಳು. "ನನ್ನ ಫೈಲ್‌ಗಳೂ ಇವೆ ಅದರಲ್ಲಿ."

"ಕೆಲಸ ಮುಗೀಲಿ, ಆಮೇಲೆ."

ಈಜಿನವಳು ಬ್ರಶ್ಶು ಕೆಳಗಿಟ್ಟು, "ಸರಿ ಅಕ್ಕ. ವಾರಕ್ಕೊಂದ್ಸಲ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಸುಮ್ನೆ ಸ್ಲೀಪ್‌ನಲ್ಲಿ ಇಡಬೇಡಿ. ಆಮೇಲೆ ಮುಖ್ಯ ಅನ್ನಿಸಿದ್ದನ್ನ ಇನ್ನೊಂದು ಕಡೆ ಕಾಪಿ ಮಾಡಿಡಿ" ಎಂದಳು. ನನಗೆ ಬುದ್ಧಿ ಹೇಳುತ್ತಾಳೆ. ಇಬ್ಬರೂ ಹೊರಗೆ ಹೋದರು. ಮನೆ ನಿಶ್ಶಬ್ದವಾಯಿತು. ಇಡೀ ಭಾನುವಾರ ನನ್ನ ಕುರ್ಚಿಯಲ್ಲಿ ನಾನೊಬ್ಬಳೇ ಕೂತಿದ್ದೆ. ನನಗೆ ಬೇಕಾಗಿದ್ದೂ ಅದೇ ತಾನೇ.

ಜೂನ್ 26, ಗುರುವಾರ

ಪ್ರೆಸ್ಸಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಇದೆ ಎಂದು ಪ್ರೆಸ್ಸಿನ ಯಜಮಾನರು ಹೇಳಿದರು. ನೋಡಿ ಬಂದೆ. ಕಿಟಕಿ ತೆರೆದರೆ ಎದುರಿಗೆ ಗೋಡೆ. ಮೇಜು ಹಿಡಿಸುತ್ತದೆ, ಮಂಚವೂ ಹಿಡಿಸುತ್ತದೆ, ಎರಡರ ನಡುವೆ ನಡೆಯಲು ಮಾತ್ರ ಓರೆಯಾಗಬೇಕು. "ಒಬ್ರಿಗೆ ಸಾಕು" ಎಂದ ಕೋಣೆಯವ.

ಹೌದು, ಒಬ್ಬರಿಗೆ ಸಾಕು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಜುಲೈ 1, ಮಂಗಳವಾರ

ಇವತ್ತಿನದನ್ನು ಬೇಗ ಬರೆದು ಮುಗಿಸಬೇಕು.

ನಲ್ಲಿಗಳ ಫೋಟೋ ತುಂಬಿ ತುಂಬಿ ಕಂಪ್ಯೂಟರ್ ಮತ್ತೆ ತೆವಳತೊಡಗಿತು. ಜಾಗ ಇಲ್ಲ ಎಂದು ಪದೇ ಪದೇ ಎಚ್ಚರಿಕೆ. ಯಾರ ಸಹಾಯವೂ ಬೇಡ, ನಾನೇ ಮಾಡುತ್ತೇನೆ ಎಂದು ಕೂತೆ. ಅವಳು ಹೇಳಿದ್ದನ್ನೆಲ್ಲ ಸ್ಟೂಲಿನಲ್ಲಿ ಕೂತು ಕೇಳಿಸಿಕೊಂಡಿದ್ದೆನಲ್ಲ. ಹಳೆಯ ಡೌನ್‌ಲೋಡುಗಳನ್ನು ತೆಗೆದೆ. ಬ್ರೌಸರಿನಲ್ಲಿ ಸೇರಿದ್ದ ಕಸ ತೆಗೆದೆ. ಬಳಸದ ಪ್ರೋಗ್ರಾಮುಗಳನ್ನು ತೆಗೆದೆ. ಒಂದೊಂದು ಹೋದಂತೆಯೂ ಎದೆ ಹಗುರಾಗುತ್ತಿತ್ತು, ನಿಜವಾಗಿಯೂ.

ಆಗ ಕಣ್ಣಿಗೆ ಬಿತ್ತು ಒಂದು ಫೋಲ್ಡರು. ಹೆಸರು "ಅಮ್ಮ-ನಾನು".

ತೆರೆದೆ. ಎಲ್ಲ ಈಜುಕೊಳದ ವಿಡಿಯೋಗಳು. ಪಾಪಚ್ಚಿ ಮೆಟ್ಟಿಲಲ್ಲಿ ಕೂತು ಕಾಲು ಬಡಿಯುವುದು. ಹಲಗೆ ಹಿಡಿದು ತೇಲುವುದು. ಮುಖ ನೀರಿಗಿಟ್ಟು ಕೆಮ್ಮುವುದು. ಕೊನೆಯದರಲ್ಲಿ ಈ ದಡದಿಂದ ಆ ದಡಕ್ಕೆ ಒಬ್ಬಳೇ. ಹಿಂದಿನಿಂದ ಆ ದೊಡ್ಡ ಗಂಟಲು: "ಬಂತು ಬಂತು, ನಿಲ್ಲಿಸ್ಬೇಡ, ಬಂತು ನನ್ ಮೀನು!" ಹುಡುಗಿ ದಡ ಮುಟ್ಟಿ ತಿರುಗಿ ನೋಡುತ್ತಾಳೆ. ಆ ಮುಖ ನನಗೆ ಗೊತ್ತು. ಮೊದಲ ಹೆಜ್ಜೆ ಇಟ್ಟಾಗ ನನ್ನ ಕಡೆ ನೋಡಿದ್ದು ಅದೇ ಮುಖ.

ಅವಳು ಈಜು ಕಲಿತದ್ದೇ ನನಗೆ ಯಾರೂ ಹೇಳಿರಲಿಲ್ಲ.

ಇಡೀ ಫೋಲ್ಡರ್ ಅಳಿಸಿದೆ. ಆಮೇಲೆ ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಕಂಪ್ಯೂಟರ್ ಚುರುಕಾಯಿತು.

ಜುಲೈ 2, ಬುಧವಾರ

ಶಾಲೆಯಲ್ಲಿ ತೋರಿಸಲು ಪಾಪಚ್ಚಿಗೆ ಒಂದು ವಿಡಿಯೋ ಬೇಕಿತ್ತು. "ಒಂದೇ ನಿಮಿಷ ಅತ್ತೆ, ಪಾಸ್‌ವರ್ಡ್ ಹಾಕಿಕೊಡು" ಎಂದು ಗೋಗರೆದಳು. ಹಾಕಿಕೊಟ್ಟೆ. ಹುಡುಕಿದಳು, ಮತ್ತೆ ಹುಡುಕಿದಳು.

"ಅತ್ತೆ, ನನ್ನ ಫೋಲ್ಡರ್ ಇಲ್ಲ."

"ನಂಗೇನು ಗೊತ್ತು. ಹಳೇ ಮಶೀನು. ತಾನೇ ಹೋಗಿರ್ಬೇಕು."

ಆ ಮಗು ಸದ್ದು ಮಾಡಿ ಅಳಲಿಲ್ಲ. ಚಿಕ್ಕವಳಿದ್ದಾಗ ಬಿದ್ದರೆ ಬೀದಿಯೆಲ್ಲ ಕೇಳುವ ಹಾಗೆ ಅಳುತ್ತಿದ್ದಳು. ಈಗ ಸುಮ್ಮನೆ ಕೂತಳು, ಗಲ್ಲದಿಂದ ನೀರು ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು.

ಈಜಿನವಳ ಫೋನಿನಲ್ಲೂ ಇಲ್ಲವಂತೆ. ಫೋನಿನಲ್ಲಿ ಜಾಗ ಸಾಲದೆಂದು ಇಲ್ಲಿಗೆ ಹಾಕಿ, ಅಲ್ಲಿ ಯಾವತ್ತೋ ಅಳಿಸಿದ್ದಳಂತೆ. ಅವಳು ಬಂದು ನನ್ನ ಕಂಪ್ಯೂಟರಿನ ಕಸದ ಬುಟ್ಟಿ ತೆರೆದು ನೋಡಿದಳು. ಪೂರ್ತಿ ಖಾಲಿ. ನನ್ನ ಕಡೆ ತಿರುಗಲೂ ಇಲ್ಲ. "ತಪ್ಪು ನಂದೇ ಪುಟ್ಟಾ. ಇನ್ನೊಂದು ಕಾಪಿ ಇಡಬೇಕಿತ್ತು" ಎಂದು ಹುಡುಗಿಯ ತಲೆ ಎದೆಗೊತ್ತಿಕೊಂಡಳು.

ಆಮೇಲೆ ನಾನು ಪಾತ್ರೆ ಒರೆಸುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತಳು. "ಅಕ್ಕ, ಒಂದು ಮಾತು. ಅಳಿಸಿದ್ದು ಕೂಡ್ಲೇ ಹೋಗಿಬಿಡಲ್ಲ. ಈ ಜಾಗ ಖಾಲಿ ಅಂತ ಒಂದು ಗುರುತು ಬೀಳುತ್ತೆ ಅಷ್ಟೆ. ಅದರ ಮೇಲೆ ಹೊಸದೇನಾದ್ರೂ ಬಂದು ಕೂತಾಗ್ಲೇ ಹಳೇದು ನಿಜವಾಗಿ ಹೋಗೋದು. ಯಾರಾದ್ರೂ ಕೈತಪ್ಪಿ ಅಳಿಸಿದ್ರೆ, ಮಶೀನ್ ಮುಟ್ಟದೆ ಆಫ್ ಮಾಡಿ ಅಂಗಡಿಗೆ ಕೊಟ್ರೆ ವಾಪಸ್ ತೆಗೀತಾರೆ. ತಾನೇ ಕೆಟ್ಟು ಹೋಗಿದ್ರೆ ಬೇರೆ ಮಾತು. ನಂಗೆ ಗೊತ್ತಿಲ್ಲ, ನೀವೇ ಹೇಳ್ಬೇಕು."

"ನಂಗೂ ಗೊತ್ತಿಲ್ಲ" ಎಂದೆ.

"ಸರಿ" ಎಂದಳು. ಒರೆಸುವ ಬಟ್ಟೆ ತೆಗೆದುಕೊಂಡು ಉಳಿದ ಪಾತ್ರೆ ಒರೆಸಿದಳು. ಬೈದಿದ್ದರೆ ವಾಸಿಯಿತ್ತು.

ಜುಲೈ 3, ಗುರುವಾರ

ಬೆಳಿಗ್ಗೆ ಕ್ಯಾಟಲಾಗಿಗೆ ಕೂತೆ. ಶನಿವಾರ ಕೊಡಬೇಕು. ಒಂದು ಪುಟ ಮುಗಿಸಿ ಸೇವ್ ಮಾಡಿದೆ. ಕೈ ನಿಂತಿತು. ಈ ನಲ್ಲಿ ಎಲ್ಲಿ ಹೋಗಿ ಕೂತಿತು? ಹಲಗೆ ಹಿಡಿದು ತೇಲುವುದರ ಮೇಲೋ, ಕೆಮ್ಮುವುದರ ಮೇಲೋ?

ಇನ್ನೊಂದು ಪುಟ ಮಾಡಿದೆ. ಸೇವ್ ಮಾಡದೆ ಇರಲು ಬರುವುದಿಲ್ಲ ನನಗೆ, ಅಷ್ಟು ವರ್ಷದ ಅಭ್ಯಾಸ. ಒತ್ತಿದೆ. ಮಧ್ಯಾಹ್ನದವರೆಗೂ ಹಾಗೆಯೇ, ಪ್ರತಿ ಸಲ ಒತ್ತುವಾಗಲೂ ಯಾರದೋ ಕುತ್ತಿಗೆಯನ್ನು ನೀರಿನೊಳಗೆ ಒತ್ತಿದ ಹಾಗೆ. ಕೊನೆಗೆ ಪುಟದ ಅರ್ಧದಲ್ಲೇ ಎದ್ದು ಪೂರ್ತಿ ಆಫ್ ಮಾಡಿ, ಗೋಡೆಯ ಪ್ಲಗ್ಗನ್ನೇ ಕಿತ್ತೆ.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ. "ಫೋಲ್ಡರ್ ತಾನೇ ಹೋಗಿಲ್ಲ. ನಾನು ಅಳಿಸಿದ್ದು."

ತಮ್ಮ, "ಕೈತಪ್ಪಿ ಹೋಗಿರುತ್ತೆ ಬಿಡಕ್ಕ" ಎಂದ, ತಟ್ಟೆಯಿಂದ ಕಣ್ಣೆತ್ತದೆ.

ಪಾಪಚ್ಚಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಬೇಕು ಅಂತಾನೇ ಮಾಡಿದ್ಯಾ?"

"ಹೂಂ."

"ಯಾಕೆ?"

"ನೀನು ಈಜೋದನ್ನ ನನಗೆ ತೋರಿಸ್ಲಿಲ್ಲ" ಎಂದೆ. ಹನ್ನೊಂದು ವರ್ಷದ ಮಗುವಿನ ಮುಂದೆ, ಈ ವಯಸ್ಸಿನಲ್ಲಿ, ಅದೊಂದೇ ಮಾತು ಬಂತು.

"ನಿಂಗೆ ನೀರು ಅಂದ್ರೆ ಭಯ. ಹೇಳಿದ್ರೆ ಬೇಡ ಅಂತಿದ್ದೆ" ಎಂದು ತಟ್ಟೆ ಬಿಟ್ಟು ಎದ್ದು ಹೋದಳು.

ನಾನು ಕೋಣೆ ನೋಡಿರುವುದನ್ನೂ ಹೇಳಿಬಿಟ್ಟೆ. ಈ ತಿಂಗಳಲ್ಲೇ ಹೋಗುತ್ತೇನೆ ಎಂದೆ. ಆಗ ನೋಡಬೇಕಿತ್ತು ತಮ್ಮನ ಹೆಂಡತಿಯನ್ನು! ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಮೇಲೆ ದನಿ ಏರಿಸಿದಳು. "ಹೋಗ್ಬೇಕು ಅನ್ಸಿದ್ರೆ ಹೋಗಿ. ಆದ್ರೆ ಇಂಥದ್ದು ಮಾಡಿ, ಅದರ ಮರುದಿನ ಹೋಗ್ಬೇಡಿ. ಅವಳು ತಾನು ಕೇಳಿದ್ದಕ್ಕೇ ನೀವು ಹೋದ್ರಿ ಅಂದ್ಕೋತಾಳೆ. ಆಮೇಲೆ ನಾನು ಏನು ಮಾಡಿದ್ರೂ ಅದು ಅವಳ ತಲೆಯಿಂದ ಹೋಗಲ್ಲ."

ತಮ್ಮ ಎದ್ದು ಪಾಪಚ್ಚಿ ಬಿಟ್ಟುಹೋದ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟ.

ಜುಲೈ 4, ಶುಕ್ರವಾರ

ಅವಳ ಸ್ಕೂಟರಿನಲ್ಲಿ ಹಿಂದೆ ಕೂತು ಅಂಗಡಿಗೆ ಹೋದೆ. ಕ್ಯಾಬಿನೆಟ್ಟು ನನ್ನ ತೊಡೆಯ ಮೇಲೆ, ಮಗುವಿನ ಹಾಗೆ. ಅವಳ ಒದ್ದೆ ಕೂದಲು ದಾರಿಯುದ್ದಕ್ಕೂ ನನ್ನ ಮುಖಕ್ಕೆ ರಪರಪ ಬಡಿಯಿತು. ಎರಡೂ ಕೈಯಲ್ಲಿ ಕ್ಯಾಬಿನೆಟ್ಟು, ಸರಿಸಲು ಕೈಯಿಲ್ಲ. ಹಾಗೆಯೇ ಏಟು ತಿಂದುಕೊಂಡು ಕೂತೆ.

ಅಂಗಡಿಯವನು ಡಿಸ್ಕ್ ಬಿಚ್ಚಿ ಒಳಗೆ ಕೊಂಡುಹೋದ. ಹೊರಗೆ ಬೆಂಚಿನಲ್ಲಿ ಇಬ್ಬರೇ. ಆಮೇಲೆ ಅವಳೇ, ಎದುರಿನ ಬೀದಿ ನೋಡುತ್ತಾ ಹೇಳಿದಳು.

"ನಂಗೂ ಹೊಟ್ಟೆ ಉರಿಯುತ್ತೆ ಅಕ್ಕ. ನಿಮಗೊಬ್ರಿಗೇ ಅಂದ್ಕೋಬೇಡಿ."

"ನಿನಗ್ಯಾಕೆ? ನಿನ್ನನ್ನ ಅಮ್ಮ ಅಂತಾಳೆ."

"ಟವೆಲ್ ಬೇಕಾದ್ರೆ ಅಮ್ಮ. ಮೊನ್ನೆ ಕೊಳದಲ್ಲಿ ನೀರು ಕುಡಿದು ಉಸಿರು ಸಿಗದೆ ಒದ್ದಾಡಿದ್ಲು. ನಾನು ಪಕ್ಕದಲ್ಲೇ ಇದ್ದೀನಿ, ಹಿಡ್ಕೊಂಡಿದ್ದೀನಿ. ಆದ್ರೂ ಕಿರುಚಿದ್ದು 'ಅತ್ತೇ' ಅಂತ. ನೀವು ಆ ಹೊತ್ತಲ್ಲಿ ಮನೇಲಿ ನಲ್ಲಿ ಜೋಡಿಸ್ತಿದ್ರಿ."

ಕರ್ಚೀಫು ಕೊಟ್ಟೆ. ಕಣ್ಣಿಗಲ್ಲ, ಕೂದಲಿಗೆ. ಆ ಕೂದಲಿನಿಂದ ಬೆಂಚೆಲ್ಲ ಒದ್ದೆ.

ಜುಲೈ 5, ಶನಿವಾರ

ನಿನ್ನೆ ಸಂಜೆಯಿಂದ ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಕೂತು ಕ್ಯಾಟಲಾಗು ಮತ್ತೆ ಕಟ್ಟುತ್ತಿದ್ದೇನೆ. ಯಜಮಾನರು ಸಿಡುಕಿದರು, ಸೋಮವಾರದವರೆಗೆ ಬಿಟ್ಟರು. ಬೆನ್ನು ಹಿಡಿದಿದೆ. ಪಾಪಚ್ಚಿ ಮಾತಾಡುವುದಿಲ್ಲ.

ಜುಲೈ 8, ಮಂಗಳವಾರ

ಬಹುಪಾಲು ಸಿಕ್ಕಿತು! ಮೆಟ್ಟಿಲು, ಹಲಗೆ, ಕೆಮ್ಮು, ಎಲ್ಲ. ಆದರೆ ಕೊನೆಯದು, ದಡದಿಂದ ದಡಕ್ಕೆ ಹೋಗಿದ್ದು, ಅರ್ಧಕ್ಕೆ ನಿಲ್ಲುತ್ತದೆ. "ಉಳಿದ ಅರ್ಧದ ಮೇಲೆ ಬೇರೆ ಏನೋ ಕೂತಿದೆ ಮೇಡಂ" ಎಂದ ಅಂಗಡಿಯವ. ಏನು ಕೂತಿದೆ ಎಂದು ನನಗೆ ಗೊತ್ತು. ಗುರುವಾರ ಬೆಳಗಿನ ನಲ್ಲಿಗಳು.

ಪಾಪಚ್ಚಿ ಕೊಳದ ನಡುವೆ ಕೈ ಎತ್ತಿಕೊಂಡು ನಿಂತಿದ್ದಾಳೆ. ದಡ ಮುಟ್ಟುವುದಿಲ್ಲ, ತಿರುಗಿ ನೋಡುವುದಿಲ್ಲ. ಆ ಮುಖವನ್ನು ನೋಡಿದವರು ಈಗ ಪ್ರಪಂಚದಲ್ಲಿ ನಾವಿಬ್ಬರೇ, ನಾನು ಮತ್ತು ತಮ್ಮನ ಹೆಂಡತಿ.

ಹೊಸ ಡಿಸ್ಕ್ ಹಾಕಿಸಿದೆವು, ಕಾಪಿಗೆಂದು ಇನ್ನೊಂದು ಬೇರೆ. ಪಾಸ್‌ವರ್ಡ್ ಹಾಕಲಿಲ್ಲ. ಎಲ್ಲವನ್ನೂ ಎರಡು ಕಡೆ ಇಡುವ ಕೆಲಸ ಇನ್ನು ನನ್ನದು ಎಂದು ನಾದಿನಿಗೆ ಹೇಳಿದೆ. ಕೋಣೆಯವನ ಫೋನು ಬಂದಿತ್ತು. ಬೇರೆಯವರಿಗೆ ಕೊಡಿ ಎಂದೆ. ಕಿಟಕಿಗೆ ಗೋಡೆ ಅಡ್ಡ, ಗಾಳಿ ಸಾಲದು.

ಜುಲೈ 10, ಗುರುವಾರ

ಬೆಳಿಗ್ಗೆ ಪಾಪಚ್ಚಿ ಬಾಚಣಿಗೆ ಹಿಡಿದುಕೊಂಡು ಬಂದು ನನಗೆ ಬೆನ್ನು ಹಾಕಿ ಕೂತಳು. ಜಡೆ ಹಾಕಿದೆ. ನಾದಿನಿ ಹಾಕಿದ ಜಡೆ ಶಾಲೆ ಮುಟ್ಟುವಷ್ಟರಲ್ಲಿ ಬಿಚ್ಚಿ ಹೋಗುತ್ತದಂತೆ. ಅದನ್ನು ಹೇಳಿದ್ದು ನಾದಿನಿಯೇ.

ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಶನಿವಾರ ಕೊಳಕ್ಕೆ ಬಾ. ನಾನು ಮತ್ತೆ ಈಜ್ತೀನಿ. ವಿಡಿಯೋ ನೀನೇ ತೆಗಿ. ಅಳಿಸಿದ್ರೆ ಮಾತ್ರ ನೋಡು" ಎಂದಳು.

ಜುಲೈ 12, ಶನಿವಾರ

ಹೋಗಿದ್ದೆ. ಇಷ್ಟೊಂದು ನೀರನ್ನು ಒಂದೇ ಕಡೆ ಇಡುವ ಅವಶ್ಯಕತೆ ಏನಿದೆಯೋ! ಗೋಡೆಗೆ ಬೆನ್ನು ಒತ್ತಿಕೊಂಡು ನಿಂತೆ. ನಾದಿನಿ ನೀರಿನಿಂದಲೇ, "ಅಕ್ಕ, ಚಪ್ಪಲಿ ಬಿಟ್ಟು ಈ ಕಡೆ ಬನ್ನಿ, ಮೆಟ್ಟಿಲ ಮೇಲೆ ಕೂತ್ಕೊಳ್ಳಿ. ನಾನಿದ್ದೀನಲ್ಲ" ಎಂದಳು. ಕೂತೆ. ಪಾದ ಮುಳುಗಿತು. ತಣ್ಣಗಿತ್ತು, ಅಷ್ಟೆ.

ಪಾಪಚ್ಚಿ ಆ ದಡದಿಂದ ಈ ದಡಕ್ಕೆ ಬಂದಳು. ಫೋನು ಹಿಡಿದ ಕೈ ಅಲುಗಾಡಿ ವಿಡಿಯೋ ತುಂಬ ಆಕಾಶ, ನನ್ನ ಮೊಣಕಾಲು. ಪರವಾಗಿಲ್ಲ, ಕೊನೆಗೆ ಮುಖ ಸಿಕ್ಕಿದೆ.

ಆದರೆ ಬರೆಯಬೇಕಾದದ್ದು ಅದಲ್ಲ. ಅವಳು ದಡ ಮುಟ್ಟಿ, "ಅಮ್ಮಾ, ನೋಡಿದ್ಯಾ?" ಎನ್ನುವಷ್ಟರಲ್ಲಿ ಒಂದು ಡಜನ್ ಮಕ್ಕಳು ನಾದಿನಿಯನ್ನು ಮುತ್ತಿಕೊಂಡಿದ್ದರು. ಒಂದು ಬೆನ್ನಿನ ಮೇಲೆ, ಒಂದು ತೋಳಿಗೆ ಜೋತು. "ಟೀಚರ್ ನನ್ನ ನೋಡಿ, ಟೀಚರ್ ನನ್ನ ನೋಡಿ." ಹಳದಿ ಟೋಪಿಯ ಹುಡುಗಿಯೊಂದು ಅವಳ ಕುತ್ತಿಗೆಯನ್ನು ಬಿಡಲೇ ಇಲ್ಲ. ಪಾಪಚ್ಚಿ ನೀರಿನಿಂದೆದ್ದು ನನ್ನ ಪಕ್ಕದಲ್ಲಿ ಬಂದು ಕೂತಳು. ಕೆಳತುಟಿ ಮುಂದೆ ಬಂದಿತ್ತು.

"ದಿನಾ ಹೀಗೇ ಆ ಹಳದಿ ಟೋಪಿ. ಅವಳಿಗೆ ಮನೇಲಿ ಯಾರೂ ಇಲ್ವಾ?"

"ಇರ್ತಾರೆ. ಇದ್ದರೂ ಹೀಗೇ."

"ನಂಗೆ ಇಷ್ಟ ಆಗಲ್ಲ."

"ನಂಗೂ" ಎಂದೆ. ನಿಜಕ್ಕೂ ಆಗಲಿಲ್ಲ. ಕುತ್ತಿಗೆ ಎಳೆದು ಎಳೆದು ಅವಳಿಗೆ ನೋವಾಗುವುದಿಲ್ಲವೇ? ಮನೆಗೆ ಬಂದಾಗ ಅಷ್ಟು ಸುಸ್ತಾಗಿರುವುದು ಯಾಕೆಂದು ಈಗ ತಿಳಿಯಿತು. ಇಬ್ಬರೂ ಒಂದೇ ಟವೆಲ್ ಹೊದ್ದುಕೊಂಡು, ಆ ಹಳದಿ ಟೋಪಿಯನ್ನೇ ದುರುಗುಟ್ಟಿ ನೋಡುತ್ತಾ ಕೂತೆವು.

ಜುಲೈ 16, ಬುಧವಾರ

ತಲೆ ಕೆಟ್ಟು ಹೋಗಿದೆ. ಈ ವಾರದಿಂದ ಕೊಳದವರು ಭಾನುವಾರವೂ ಒಂದು ಬ್ಯಾಚು ಶುರು ಮಾಡುತ್ತಾರಂತೆ. ಕಲಿಸಲು ನಮ್ಮವಳೇ ಬೇಕಂತೆ. ಅವಳೂ ತಲೆಯಾಡಿಸಿ ಬಂದಿದ್ದಾಳೆ. "ಒಂದೆರಡು ತಿಂಗಳು ಅಷ್ಟೆ ಅಕ್ಕ" ಎನ್ನುತ್ತಾಳೆ. ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ ಇವಳಿಗೆ, ಅದಕ್ಕೇ ಎಲ್ಲರೂ ತಲೆಯ ಮೇಲೆ ಕೂರುತ್ತಾರೆ.

ಪಾಪಚ್ಚಿ, "ಕಂಪ್ಯೂಟರ್ ನಾವಿಬ್ರೇ ಬಿಚ್ಚೋಣ ಅತ್ತೆ, ನಂಗೆ ಎಲ್ಲ ಗೊತ್ತು" ಎಂದಳು. ಬೇಡ ಎಂದೆ. ಫ್ಯಾನು ಹಿಡಿದುಕೊಳ್ಳಲು ಒಬ್ಬರು, ಗುಡಿಸಲು ಒಬ್ಬರು, ಕಾಪಿ ಮಾಡಲು ಒಬ್ಬರು, ಮೂವರಿಲ್ಲದೆ ಅದು ಆಗುವ ಕೆಲಸವಲ್ಲ.

ವಾರವಿಡೀ ಊರಿನ ಮಕ್ಕಳಿಗೆಲ್ಲ ಅವಳನ್ನು ಬಿಟ್ಟುಕೊಟ್ಟಿದ್ದೇವೆ. ಭಾನುವಾರವೂ ಬೇಕೆಂದರೆ ಏನರ್ಥ? ನಾಳೆ ನಾನೇ ಹೋಗಿ ಆ ಕೊಳದ ಮ್ಯಾನೇಜರನ್ನು ಕಾಣುತ್ತೇನೆ. ನಮ್ಮ ಮನೆಯಲ್ಲಿ ಧೂಳು ತೆಗೆಯುವುದಿದೆ.